ಮೀನಾಕ್ಷಿಯ ಲೈಸೆನ್ಸೂ ನನ್ನ ಫ್ಯೂಸ್ ಬಾಕ್ಸೂ

ಗಂಡಸಿ ಎಂಬ ಊರಿನಲ್ಲಿ ಹುಟ್ಟಿದ ಗಂಡಸು ಒಂದು ಫ್ಯೂಸ್ ಬಾಕ್ಸಿಗೆ ಹೆದರುವುದುಂಟೇ? ಹಾಗೆಂದು ಎದೆ ತಟ್ಟಿಕೊಂಡು ಆ ಸೋಮವಾರ ಬೆಳಿಗ್ಗೆ ಏಳಕ್ಕೇ ಸ್ಕ್ರೂ ಡ್ರೈವರ್ ಹಿಡಿದು ನಮ್ಮ ಇಪ್ಪತ್ತೆರಡು ವರ್ಷದ ವ್ಯಾನಿನೊಳಗೆ ನುಗ್ಗಿದೆ.

ನುಗ್ಗಲು ಕಾರಣವಿತ್ತು. ಅಂದು ಹನ್ನೊಂದಕ್ಕೆ ಅರಸೀಕೆರೆಯಲ್ಲಿ ನನ್ನ ಹೆಂಡತಿ ಮೀನಾಕ್ಷಿಗೆ ಡ್ರೈವಿಂಗ್ ಟೆಸ್ಟ್. ಹೋದ ಸಲ ಎಡಕ್ಕೆ ತಿರುಗುವಾಗ ಇಂಡಿಕೇಟರ್ ಹತ್ತಲೇ ಇಲ್ಲ, ಫೇಲ್! ಲೈಸೆನ್ಸ್ ಬಂದರೆ ತಾನು ಮಾಡಿದ ಹಪ್ಪಳ, ಸಂಡಿಗೆಯನ್ನು ತಾನೇ ಪೇಟೆಗೆ ಒಯ್ಯಬಹುದು, ನನ್ನ ಪುರುಸೊತ್ತಿಗೆ ಕಾಯುವುದು ತಪ್ಪುತ್ತದೆ ಎಂಬುದು ಅವಳ ಆಸೆ.

“ರೀ, ರಾಮಣ್ಣನ ಗ್ಯಾರೇಜಿಗೆ ತಗಂಡೋಗನ ಕಣ್ರೀ,” ಎಂದಳು.

“ಇದಕ್ಕೆ ರಾಮಣ್ಣ ಯಾಕೇ? ಕನೆಕ್ಷನ್ ಸವೆದು ಲೂಸಾಗೈತೆ, ಅಷ್ಟೇ. ಹತ್ತು ನಿಮಿಷದ ಕೆಲ್ಸ!”

ಮುಚ್ಚಳ ತೆಗೆದೆ. ಫ್ಯೂಸುಗಳು ಮುದುಕರ ಹಲ್ಲಿನಂತೆ ಅಲ್ಲಾಡುತ್ತಿದ್ದವು. ಕ್ಲಿಪ್ಪುಗಳಿಗೆಲ್ಲ ಹಸಿರು ಕಿಲುಬು. ಮಹಾವೈದ್ಯನ ಗತ್ತಿನಲ್ಲಿ ಫ್ಯೂಸುಗಳನ್ನೆಲ್ಲ ಕಿತ್ತೆ. ವೈರುಗಳನ್ನೂ ಕಿತ್ತೆ! ಮರಳು ಕಾಗದದಿಂದ ಉಜ್ಜಿ ಫಳಫಳ ಹೊಳೆಸಿ, ಕೈ ಒರೆಸಿಕೊಳ್ಳುವಾಗ ನನಗೂ ಒಂದು ವಿಷಯ ಹೊಳೆಯಿತು: ಯಾವ ವೈರು ಎಲ್ಲಿಯದು?

ವ್ಯಾನಿನ ಫ್ಯೂಸ್ ಉಳಿದಿತ್ತು, ನನ್ನದು ಹೋಯಿತು!

ಅಂದಾಜಿನ ಮೇಲೆ ಸಿಕ್ಕಿಸಿದೆ. ಇಂಡಿಕೇಟರ್ ಹಾಕಿದರೆ ವೈಪರ್ ಕುಣಿಯಿತು! ಬ್ರೇಕ್ ಒತ್ತಿದರೆ ಹಾರ್ನ್ ಬಡಿದುಕೊಂಡಿತು, ಬಿಟ್ಟರೂ ನಿಲ್ಲಲಿಲ್ಲ! ಪಕ್ಕದ ಮನೆಯ ಎಮ್ಮೆ ಹಗ್ಗ ಕಿತ್ತುಕೊಂಡು ಓಡಿತು. ಅದರ ಒಡತಿ ಸುವರ್ಣಮ್ಮ ಗೋಡೆಯ ಮೇಲಿಂದ ಇಣುಕಿ, “ಯಾರ್ ಮನೆ ದಿಬ್ಬಣ ಬಂತಪ್ಪಾ?” ಎಂದರು.

ಸಿಕ್ಕಿಸಿದ್ದನ್ನೆಲ್ಲ ಮತ್ತೆ ಕಿತ್ತ ಮೇಲೇ ಹಾರ್ನಿನ ಬಾಯಿ ಮುಚ್ಚಿದ್ದು. ಗಂಟೆ ಒಂಬತ್ತಾಗಿತ್ತು. ಮೀನಾಕ್ಷಿ ಇಸ್ತ್ರಿ ಸೀರೆ ಉಟ್ಟು, ಕಾಗದಪತ್ರ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ, ಕಣ್ಣು ತುಂಬಿಕೊಂಡಳು. ನನ್ನ ಗತ್ತೆಲ್ಲ ಅಲ್ಲೇ ಇಳಿದುಹೋಯಿತು.

“ತಪ್ಪಾಯ್ತು ಕಣೇ. ರಾಮಣ್ಣನ್ನ ಕರ್ಕಂಡ್ ಬತ್ತೀನಿ.”

“ಆಗ್ಲೇ ಫೋನ್ ಮಾಡ್ದೆ. ಅವ್ನು ದೇವ್ರ ಹರಕೆ ಅಂತ ಮಾಲೇಕಲ್ಲು ಬೆಟ್ಟ ಹತ್ತತಾವ್ನಂತೆ,” ಎಂದು ಮೂಗೊರೆಸಿಕೊಂಡವಳು ತಟಕ್ಕನೆ ತಲೆಯೆತ್ತಿದಳು. “ಇರಿ! ಹೋದ್ ಸಲ ಫೇಲಾದಾಗ ರಾಮಣ್ಣಂಗೆ ತೋರ್ಸಾಕೆ ಅಂತ ಇದರ ಫೋಟೋ ಹೊಡ್ದಿದ್ದೆ!”

ಮೊಬೈಲಿನಲ್ಲಿ ನಮ್ಮ ಫ್ಯೂಸ್ ಬಾಕ್ಸ್! ಒಂದೊಂದು ವೈರಿನ ಬಣ್ಣವೂ ಸ್ಪಷ್ಟ!

“ಅತ್ಲಾಗ್ ಸರೀರಿ,” ಎಂದು ಸೆರಗು ಸಿಕ್ಕಿಸಿಕೊಂಡು ಕೂತಳು. ಸಡಿಲವಾದ ಕ್ಲಿಪ್ಪುಗಳನ್ನು ಇಕ್ಕಳದಲ್ಲಿ ಒತ್ತಿ ಬಿಗಿ ಮಾಡಿದಳು. ಬಣ್ಣ ನೋಡಿ ನೋಡಿ ವೈರು ಸಿಕ್ಕಿಸಿದಳು. ನಾನು ಮೊಬೈಲ್ ಹಿಡಿದುಕೊಂಡಿದ್ದೆ. ಅದನ್ನೂ ತಲೆಕೆಳಗಾಗಿ ಹಿಡಿದಿದ್ದಕ್ಕೆ ಒಮ್ಮೆ ಬೈಸಿಕೊಂಡೆ. ಮುಕ್ಕಾಲು ಗಂಟೆಯಲ್ಲಿ ಇಂಡಿಕೇಟರ್ ಟಿಕ್ ಟಿಕ್ ಎಂದಿತು. ಆಹಾ, ಅದೆಂಥಾ ಸಂಗೀತ!

ಅರಸೀಕೆರೆಯಲ್ಲಿ ಮೀನಾಕ್ಷಿ ಎಡಕ್ಕೆ ತಿರುಗಿದಳು, ಬಲಕ್ಕೆ ತಿರುಗಿದಳು, ರಿವರ್ಸ್ ಬಂದಳು. ಪಾಸ್!

“ಗಾಡಿ ಹಳೇದಾದ್ರೂ ಲೈಟು, ಹಾರ್ನು ಎಲ್ಲಾ ಕರೆಕ್ಟಾಗಿದೆ. ಯಾರು ರಿಪೇರಿ ಮಾಡಿದ್ದು?” ಎಂದರು ಇನ್‌ಸ್ಪೆಕ್ಟರು.

ನಾನು ಗಂಟಲು ಸರಿಮಾಡಿಕೊಂಡೆ. ಎದೆ ತಾನಾಗಿಯೇ ಎರಡಂಗುಲ ಮುಂದೆ ಬಂತು.

“ಇಬ್ರೂ ಸೇರಿ ಸಾರ್,” ಎಂದಳು ಮೀನಾಕ್ಷಿ, ನನ್ನತ್ತ ಅಕ್ಕರೆಯಿಂದ ನೋಡುತ್ತಾ. “ಇವ್ರು ಕೆಡಿಸಿದ್ರು, ನಾನು ರಿಪೇರಿ ಮಾಡ್ದೆ!”