ತೊಟ್ಟಿಯೊಳಗಿನ ಬೂಷ್ಟು ಮಹಾಶಯರಿಗೆ, ಎಣ್ಣೆಯ ವಿಚಾರವಾಗಿ

...ಇಷ್ಟೂ ಸಾಲದು ಅಂತ, ಮಾನ್ಯ ಬೂಷ್ಟು ಮಹಾಶಯರೇ, ಮಧ್ಯಾಹ್ನ ಊಟಕ್ಕೆ ಕೂತಿದ್ದ ನನ್ನನ್ನು ಎಬ್ಬಿಸಿ, ತೊಟ್ಟಿ ಕಲಕುವ ಮೋಟಾರನ್ನೂ ತಾವು ನಿಲ್ಲಿಸಿಬಿಟ್ಟಿರಿ. ಅದರ ರೆಕ್ಕೆಗೆ ನೆನೆದ ಹಾಸಿಗೆ ಹತ್ತಿಯಂತೆ ಸುತ್ತಿಕೊಂಡಿದ್ದ ತಮ್ಮನ್ನು ಮೊಣಕೈವರೆಗೆ ಕೈಹಾಕಿ ಬಿಡಿಸುವ ಭಾಗ್ಯ ನನ್ನದಾಯಿತು. ಬೆಳಿಗ್ಗೆ ತಾವು ಸಿಕ್ಕಿಕೊಂಡು ಪೈಪು ಕಟ್ಟಿಕೊಂಡದ್ದೂ, ಆಮೇಲೆ ನೊರೆ ಉಕ್ಕಿ ನನ್ನ ಒಂದೇ ಜೊತೆ ಒಳ್ಳೆಯ ಚಪ್ಪಲಿ ತೇಲಿಹೋದದ್ದೂ ತಮಗೆ ಗೊತ್ತೇ ಇದೆ. ಕೈಯೆಲ್ಲ ತಮ್ಮದೇ ಅಂಟು. ಹಾಗಾಗಿ ಈ ಪತ್ರವನ್ನು ಫೋನಿಗೆ ಬಾಯಲ್ಲೇ ಹೇಳುತ್ತಿದ್ದೇನೆ. ಗೌರವ ಕಮ್ಮಿಯಾದರೆ ಫೋನನ್ನು ಬೈಯಿರಿ.

ತಮ್ಮ ಮೇಲೆ ನನಗೆ ಭಕ್ತಿ ಇಲ್ಲದಿಲ್ಲ. ಸಕ್ಕರೆ ಕಾರ್ಖಾನೆಯವರು ಬೇಡವೆಂದ ಕಾಕಂಬಿ ಕುಡಿದು, ಮೈಯೊಳಗೆ ಎಣ್ಣೆ ಕಟ್ಟಿಕೊಂಡು, ಹಿಂಡಿದರೆ ಗಾಡಿಗೆ ಡೀಸೆಲ್ಲಾಗುವ ದೊಡ್ಡ ಮನಸ್ಸು ಯಾರಿಗಿದೆ? ಕೆಲಸ ಹುಡುಕಿಕೊಂಡು ಈ ಊರಿಗೆ ಬಂದ ನಾನೂ ಸಿಕ್ಕಿದ್ದನ್ನೇ ತಿನ್ನುತ್ತೇನೆ; ನನ್ನಿಂದ ಒಂದು ಸ್ಕೂಟರಿಗೂ ಉಪಕಾರವಾಗಿಲ್ಲ. ಇನ್ನೊಂದು ವಿಶೇಷ, ಯೂರಿಯಾ ಬೆರೆಸಿ ಉಣಿಸಿದಷ್ಟೂ ತಾವು ಬರೀ ಮೈ ಹರಡುತ್ತೀರಿ; ಅದನ್ನು ನಿಲ್ಲಿಸಿ ಬರೀ ಕಾಕಂಬಿ ನೀರಿನಲ್ಲಿಟ್ಟರೆ ಮಾತ್ರ ಎಣ್ಣೆಗಟ್ಟಿ ಕೊಬ್ಬುತ್ತೀರಿ. 'ಬೆಳೆದ ಮೇಲೆ ಯೂರಿಯಾ ಬಂದ್' ಅಂತ ನಮ್ಮ ಮ್ಯಾನೇಜರೇ ಬರೆದು ಗೋಡೆಗೆ ಅಂಟಿಸಿದ್ದಾರೆ.

ಆದರೆ ತಮ್ಮನ್ನು ನೋಡಲು ಕಂಪನಿಯ ದೊಡ್ಡವರು ಬರುತ್ತಾರೆ ಅಂತ ಸುದ್ದಿ ಬಂದದ್ದೇ ತಡ, ಮ್ಯಾನೇಜರು ತಾವೇ ಅಂಟಿಸಿದ ಆ ಚೀಟಿಗೆ ಬೆನ್ನು ಹಾಕಿ ನಿಂತರು. "ಏನಯ್ಯಾ, ನೆಂಟರು ಬರೋ ಹೊತ್ತಿಗೆ ಹೀಗಾ ಬಡಕಲಾಗಿ ಇಡೋದು? ಹಾಕಯ್ಯಾ ಯೂರಿಯಾ, ತೊಟ್ಟಿ ತುಂಬಿದ ಹಾಗೆ ಕಾಣ್ಲಿ!"

"ಸಾರ್, ಇವು ಹಸಿದ್ರೇನೇ ಎಣ್ಣೆ ಕಟ್ಟೋದು," ಅಂದೆ.

"ನಿನ್ನನ್ನ ಉಪವಾಸ ಕೂರಿಸಿದ್ರೆ ನೀನು ದಪ್ಪ ಆಗ್ತೀಯೇನೋ?"

ನಾನು ಆಗುವುದಿಲ್ಲ, ಅದಕ್ಕೆ ಸಾಕ್ಷಿಯಾಗಿ ಎದುರಿಗೇ ನಿಂತಿದ್ದೆ. ತಾವು ಮಾತ್ರ ಹಾಕಿದ್ದನ್ನೆಲ್ಲ ನಾಚಿಕೆಯಿಲ್ಲದೆ ಉಂಡು, ಬಂದವರೆದುರು ದಿಂಬಿನಂತೆ ಉಬ್ಬಿ ಶಭಾಷ್ ಅನ್ನಿಸಿಕೊಂಡಿರಿ. ಈಗ ನೋಡಿದರೆ ಮೈತುಂಬ ಮೈಯೇ, ಎಣ್ಣೆ ಒಂದು ಹನಿಯೂ ಇಲ್ಲ.

ಅದೇ ದೊಡ್ಡವರು ಸೋಮವಾರ ತಮ್ಮನ್ನು ಹಿಂಡಿಸಿ ನೋಡುತ್ತಾರಂತೆ. ಎಣ್ಣೆ ಬರದಿದ್ದರೆ ಈ ಕೋಣೆಗೂ ಬೀಗ, ನನ್ನ ಕೆಲಸಕ್ಕೂ ಬೀಗ, ಕೆಲಸದ ಜೊತೆ ಸಿಕ್ಕ ಮೆಟ್ಟಿಲ ಕೆಳಗಿನ ಮಂಚವೂ ಹೋಯಿತು. ಮನೆಗೆ ವಾಪಸು ಹೋದರೆ ಅಕ್ಕ ಬಾಗಿಲಲ್ಲೇ ಇರುತ್ತಾಳೆ. ನಾನು ಹೊರಟ ದಿನವೇ ಅವಳು, "ಬೂಷ್ಟು ಬೆಳೆಸೋಕೆ ಅಷ್ಟು ದೂರ ಹೋಗ್ಬೇಕೇನೋ? ನಮ್ಮ ಬಚ್ಚಲಲ್ಲೇ ಬೇಕಾದಷ್ಟಿದೆಯಲ್ಲೋ!" ಅಂದವಳು. ಆ ನಗುವಿನ ಮುಂದೆ ಬರಿಗಾಲಲ್ಲಿ ಹೋಗಿ ನಿಲ್ಲುವುದು ನನ್ನಿಂದಾಗದು.

ಆದ್ದರಿಂದ ತಾವು ದಯಮಾಡಿ ಈ ಕ್ಷಣದಿಂದಲೇ ಉಪವಾಸ ಕೂತು, ಸೋಮವಾರದೊಳಗೆ ಕೊಬ್ಬಬೇಕು. ಮ್ಯಾನೇಜರು ಹತ್ತಿರ ಬಂದಾಗ ಈಗ ತಾನೇ ಉಂಡೆದ್ದವರಂತೆ ಒಂದು ದೊಡ್ಡ ತೇಗು ತೇಗಬೇಕು. ಅವರು ಅತ್ತ ಹೋದೊಡನೆ ಮತ್ತೆ ಹಸಿಯಬೇಕು ಎಂದು ಬೇಡಿಕೊಳ್ಳುತ್ತೇನೆ.

ತಮ್ಮನ್ನು ಉಪವಾಸ ಕೆಡವಿಯೇ ಉದ್ಧರಿಸಲಿರುವ,
ಅಂಟಂಟಾದ ಕೈಯ ತಮ್ಮ ವಿಶ್ವಾಸಿ,
ತೊಟ್ಟಿಕೋಣೆಯವನು

ತಾ.ಕ.: ಯೂರಿಯಾ ಮೂಟೆಯನ್ನು ನನ್ನ ಮಂಚದ ಕೆಳಗೆ ತಳ್ಳಿ, ಮೇಲೆ ನಾನೇ ಮಲಗಿದ್ದೇನೆ. ಮ್ಯಾನೇಜರು ಹುಡುಕುತ್ತಿದ್ದಾರೆ, "ಬೂಷ್ಟೇ ತಿಂದಿರಬೇಕು ಸಾರ್" ಅಂದಿದ್ದೇನೆ, ಕೇಳಿದರೆ ಒಪ್ಪಿಕೊಳ್ಳಿ. ಅಕ್ಕನಿಗೆ ಸೋಮವಾರ ಫೋನ್ ಮಾಡು ಅಂದಿದ್ದೇನೆ. ಎಣ್ಣೆ ಬಂದಿದ್ದರೆ ನಾನೇ ಎತ್ತಿ ಮಾತಾಡುತ್ತೇನೆ, ಬರದಿದ್ದರೆ ಫೋನನ್ನು ತೊಟ್ಟಿಯ ಬಾಯಿಗೆ ಹಿಡಿಯುತ್ತೇನೆ, ಅವಳಿಗೆ ತಾವೇ ಉತ್ತರ ಹೇಳಿ. ಅವಳ ಫೋನ್ ಬರುವುದು ಸಂಜೆ ಆರಕ್ಕೆ.