ರದ್ದಾದ ಕೋಳಿ ಸಾರು

ಹಸು ಸಲೀಸಾಗಿ ಕರು ಹಾಕಿದರೆ ಮಾರಮ್ಮನಿಗೆ ಒಂದು ಹುಂಜ ಒಪ್ಪಿಸುತ್ತೇನೆಂದು ರಾಜೇಂದ್ರನ ತಾಯಿ ದೇವಿರಮ್ಮ ಹರಕೆ ಹೊತ್ತಿದ್ದಳು. ಹಸು ತನ್ನ ಮಾತು ಉಳಿಸಿಕೊಂಡಿತು. ಮಂಗಳವಾರ ಸಂಜೆ ಹರಕೆ. ಹುಂಜ ಒಂದೇ, ಮನೆಯವರಿಗೆ ಸಾಕಾದರೆ ಅದೇ ಹೆಚ್ಚು. ಮರೆಯಬಾರದೆಂದು ರಾಜೇಂದ್ರ ಆಫೀಸಿನ ಇಮೇಲಿನಲ್ಲಿರುವ ತನ್ನ ಕ್ಯಾಲೆಂಡರಿನಲ್ಲಿ ಬರೆದಿಟ್ಟಿದ್ದ: ‘ಕೊಪ್ಪದ ಮನೇಲಿ ಹರಕೆ, ನಾಟಿ ಕೋಳಿ ಸಾರು.’

ಅವನು ಮಂಡ್ಯದ ಒಂದು ಬೀಜದ ಕಂಪನಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವನು. ಯಾರ ಮೀಟಿಂಗು ಯಾವಾಗ ಎಂದು ಎಲ್ಲರಿಗೂ ಕಾಣುವಂತೆ ಕ್ಯಾಲೆಂಡರುಗಳನ್ನು ಸರ್ವರಿನಲ್ಲಿ ಜೋಡಿಸಿಕೊಡು ಎಂದು ಮ್ಯಾನೇಜರ್ ಸಿದ್ದರಾಜು ಹೇಳಿದ್ದರು. ಆ ಮಂಗಳವಾರ ಬೆಳಿಗ್ಗೆ ರಾಜೇಂದ್ರ ಪರೀಕ್ಷೆಗೆಂದು ಮೊದಲು ತನ್ನದನ್ನೇ ಜೋಡಿಸಿ, ‘ಎಲ್ಲರಿಗೂ’ ಎಂಬಲ್ಲಿ ಒತ್ತಿದ. ಹರಕೆಯೂ ಆಹ್ವಾನವಾಗಿ ಎಲ್ಲರಿಗೂ ಹೋಯಿತು.

ಮೀಟಿಂಗಿಗೆ ಕರೆದರೆ ವಾರಗಟ್ಟಲೆ ಉತ್ತರಿಸದವರು ಕಾಫಿ ಆರುವುದರೊಳಗೆ ‘ಬರುತ್ತೇನೆ’ ಒತ್ತಿದ್ದರು. ಅಕೌಂಟ್ಸಿನ ಶಶಿರೇಖಾ, ಮುದ್ದೆಯೂ ಇರುತ್ತದಲ್ಲವೇ ಎಂದು ವಿಚಾರಿಸಿದಳು. ಸಿದ್ದರಾಜು ಎದ್ದುಬಂದು ಬೆನ್ನು ತಟ್ಟಿದರು.

“ಊಟಕ್ಕೆ ಇಂಗಾ ಕರೆಯೋದು? ಇರ್ಲಿ ಬುಡು, ಬತ್ತೀವಿ.”

ರಾಜೇಂದ್ರ ಗಾಣಕ್ಕೆ ಕೊಟ್ಟ ಕಬ್ಬಿನಂತಾದ. ಬೇಡವೆನ್ನಲು ಮರ್ಯಾದೆ ಅಡ್ಡಬಂತು. ಮಧ್ಯಾಹ್ನ ಪರ್ಮಿಷನ್ ಹಾಕಿ ಹೊರಟವನಿಗೆ ತನ್ನೂರು ಕೊಪ್ಪದ ಬಸ್ಸು ಹತ್ತಿದ ಮೇಲೆ ಧೈರ್ಯ ಬಂತು. ಮೊಬೈಲಿನಲ್ಲೇ ಹರಕೆಯನ್ನು ಅಳಿಸಿಬಿಟ್ಟ. ‘ಕಾರ್ಯಕ್ರಮ ರದ್ದಾಗಿದೆ’ ಎಂಬ ಸಂದೇಶ ಎಲ್ಲರಿಗೂ ಹೋಯಿತು. ಒಂದರ ಹಿಂದೊಂದು ಫೋನು. ಬೈಗುಳವೇ ಇರಬೇಕೆಂದು ಅದನ್ನು ಆಫ್ ಮಾಡಿ, ಕಿಟಕಿಗೆ ತಲೆಯಾನಿಸಿ ನೆಮ್ಮದಿಯಾಗಿ ನಿದ್ದೆಹೋದ.

ಸಂಜೆ ಪೂಜೆ ಮುಗಿದು ಸಾರು ಕುದಿಯುತ್ತಿದ್ದಾಗ ಮನೆ ಮುಂದೆ ಟೆಂಪೊ ನಿಂತಿತು. ಇಡೀ ಆಫೀಸು ತಲೆ ತಗ್ಗಿಸಿಕೊಂಡು ಇಳಿಯಿತು. ಶಶಿರೇಖಾ ಕೈಯಲ್ಲಿ ತೋಳುದ್ದದ ಹೂವಿನ ಹಾರ. ಸಿದ್ದರಾಜು ರಾಜೇಂದ್ರನನ್ನು ತಬ್ಬಿಕೊಂಡರು.

“ಧೈರ್ಯ ತಕೋ. ಯಾರ್ ಅವ್ವನೂ ಕಡೇಗಂಟ ಇರಾಕಿಲ್ಲ.”

ಸೌಟು ಹಿಡಿದ ದೇವಿರಮ್ಮ ಬಾಗಿಲಿಗೆ ಬಂದಳು. “ಯಾರ್ಲಾ ಮಗ ಇವ್ರು?”

ಹಾರ ನೆಲಕ್ಕೆ ಬಿತ್ತು. ಹೊತ್ತ ಹರಕೆ ತೀರಿಸುವ ದಿನವೇ ನಿಲ್ಲುವುದು ಮನೆಯಲ್ಲಿ ಸಾವಾದರೆ ಮಾತ್ರ. ಮನೆಯಲ್ಲಿ ವಯಸ್ಸಾದವಳೆಂದರೆ ತಾಯಿಯೊಬ್ಬಳೇ. ಮೇಲಾಗಿ ಮಗನ ಫೋನೂ ಆಫ್. ಆಫೀಸಿನವರು ಬೇರೇನು ತಿಳಿಯಬೇಕು? ಸಿದ್ದರಾಜು ಉಸಿರುಬಿಟ್ಟು ಜಗುಲಿಯ ಮೇಲೆ ಕುಸಿದು ಕೂತರು.

“ಸದ್ಯ. ನೀನು ಇದ್ದೀಯಲ್ಲ, ಅಷ್ಟೇ ಸಾಕು ಕಣವ್ವ.”

ದೇವಿರಮ್ಮ ಬೈಯಲಿಲ್ಲ. ಬಂದವರನ್ನು ಉಣ್ಣದೆ ಕಳಿಸುವ ಮನೆಯಲ್ಲ ಎಂದು ಹೇಳಿ, ಹಾರವನ್ನೆತ್ತಿ ಹಸುವಿನ ಕೊರಳಿಗೆ ಹಾಕಿದಳು. ಉಳಿದ ಕೋಳಿಗಳನ್ನೆಲ್ಲ ಹಿಡಿದುಕೊಂಡು ಬಾ ಎಂದು ಮಗನನ್ನು ಹಿತ್ತಲಿಗೆ ಅಟ್ಟಿದಳು.

ಕೊನೆಯ ಪಂಕ್ತಿಯಲ್ಲಿ ರಾಜೇಂದ್ರನಿಗೆ ಸಿಕ್ಕಿದ್ದು ಮುದ್ದೆ ಮತ್ತು ತಳದ ಸಾರು. ಆದರೂ ಯಾರೂ ಮುನಿಸಿಕೊಂಡಿಲ್ಲವೆಂದು ಅವನ ಮನಸ್ಸು ಹಗುರಾಗಿತ್ತು.

ಹೊರಡುವಾಗ ಸಿದ್ದರಾಜು ಹಲ್ಲಿಗೆ ಕಡ್ಡಿ ಹಾಕುತ್ತ ಹೇಳಿದರು: “ನಿನ್ ಕ್ಯಾಲೆಂಡರು ಬೋ ಚೆನ್ನಾಗೈತೆ. ನಾನೂ ಒಂದು ಹಾಕಿವ್ನಿ, ನೋಡು.”

ರಾಜೇಂದ್ರ ಫೋನ್ ಆನ್ ಮಾಡಿದ. ‘ಕೊಪ್ಪದಲ್ಲಿ ಕೋಳಿ ಸಾರು. ಪ್ರತಿ ತಿಂಗಳು.’ ಎಲ್ಲರೂ ಆಗಲೇ ಒಪ್ಪಿಯಾಗಿತ್ತು. ಅವನ ಬೆರಳು ‘ಬರುವುದಿಲ್ಲ’ ಎಂಬುದರ ಹತ್ತಿರ ಹೋಯಿತು. ಅಷ್ಟರಲ್ಲಿ, ಅವ್ವನಿಗೆಂದು ಇವರೆಲ್ಲ ಹೊತ್ತು ತಂದಿದ್ದ ಹಾರವನ್ನು ಕೊಟ್ಟಿಗೆಯಲ್ಲಿ ಹಸು ಮೇಯುತ್ತಿದ್ದುದು ಕಣ್ಣಿಗೆ ಬಿತ್ತು.

ಬೆರಳು ಪಕ್ಕಕ್ಕೆ ಸರಿಸಿ, ತನ್ನ ಮನೆಗೆ ತಾನೇ ‘ಬರುತ್ತೇನೆ’ ಎಂದು ಒತ್ತಿದ.