ಹಿಟ್ಟಿನ ಮಟನ್

ಆ ಭಾನುವಾರ ಬೆಳಗ್ಗೆ ಸೀಟಿರಾಯನ ಸಿಟ್ಟು ಒಂದು ಸೋಯಾ ಉಂಡೆಯಿಂದ ಶುರುವಾಯಿತು. ಕಚ್ಚಿದ ಕೂಡಲೇ ಅದು ಬಾಯೊಳಗೆ ಪಚಕ್ಕನೆ ನೀರು ಬಿಟ್ಟಿತು. ನೆಲ ಒರೆಸಿದ ಬಟ್ಟೆಯನ್ನು ನಾಲಿಗೆಯ ಮೇಲೆ ಹಿಂಡಿದಂತಾಯಿತು.

"ಥೂ! ಇದು ತಿನ್ನೋ ವಸ್ತುವಾ?" ಎಂದು ಖಾಲಿ ಮನೆಗೆ ಕೇಳಿಸುವಂತೆ ಕೂಗಿ, ತಟ್ಟೆಯನ್ನು ತಳ್ಳಿದ.

ಅವನು ಬಸ್ ಡಿಪೋದಲ್ಲಿ ಟೈಂಕೀಪರ್. ಬಸ್ಸಿಗೂ ಸೀಟಿ ಊದುತ್ತಿದ್ದ, ಸಿಟ್ಟು ಬಂದಾಗ ಮೂಗಿನಲ್ಲೂ ಸೀಟಿ ಊದುತ್ತಿದ್ದ. ಹಾಗಾಗಿ ಓಣಿಯಲ್ಲೆಲ್ಲ ಸೀಟಿರಾಯ ಎಂದೇ ಹೆಸರು. ಐದು ವಾರದ ಹಿಂದೆ ಡಾಕ್ಟರು ಅವನ ರಕ್ತದ ವರದಿ ನೋಡಿ, "ಮಾಂಸ ಬಂದ್" ಎಂದು ಎರಡೇ ಮಾತಿನಲ್ಲಿ ತೀರ್ಪು ಕೊಟ್ಟಿದ್ದರು. ಅದನ್ನು ಜಾರಿಗೆ ತಂದವಳು ಹೆಂಡತಿ. ಅವಳು ಆಸ್ಪತ್ರೆಯಲ್ಲಿ ನರ್ಸು. ಮಾತ್ರೆ ನುಂಗದ ರೋಗಿಗಳ ಮೂಗು ಹಿಡಿದು ನುಂಗಿಸಿದ ಕೈ.

"ಕದ್ದು ತಿಂದಿದ್ದು ಗೊತ್ತಾದ್ರೆ ನಾನು ಅಮ್ಮನ ಮನೆಗೆ ಹೊರಟೆ ಅಂತ ತಿಳ್ಕೊಳ್ಳಿ," ಎಂದಿದ್ದಳು. ಅಷ್ಟಕ್ಕೇ ನಿಲ್ಲಿಸಿದ್ದರೆ ಅವನು ಹೇಗೋ ಕದ್ದು ತಿನ್ನುತ್ತಿದ್ದ. ಆದರೆ ಅವಳು ಮುಂದುವರಿಸಿದ್ದಳು: "ನಾನೂ ಬಿಟ್ಟೆ. ಗಂಡನ ಬಾಯಿ ಕಟ್ಟಿ ಹೆಂಡತಿ ಚಪ್ಪರಿಸೋದಕ್ಕೆ ಆಗುತ್ತಾ?"

ಈ ತ್ಯಾಗದ ಮುಂದೆ ಅವನ ಕೈಕಾಲು ಕಟ್ಟಿಹೋದವು. ಕದಿಯುವಂತಿಲ್ಲ, ಬಯ್ಯುವಂತೆಯೂ ಇಲ್ಲ.

ಅಂದಿನಿಂದ ಪ್ರತಿ ರಜೆಯಲ್ಲೂ ಮಾಂಸದ ಬದಲಿ ಹುಡುಕುವುದೇ ಅವನ ಕೆಲಸವಾಯಿತು. ಅಣಬೆ ತಂದ, ಬಾಣಲೆಗೆ ಬಿದ್ದದ್ದು ಒಂದು ಬುಟ್ಟಿ, ತಟ್ಟೆಗೆ ಬಂದದ್ದು ಒಂದು ಹಿಡಿ. ಎಳೆ ಹಲಸಿನಕಾಯಿ ತಂದ; ಅದರ ಅಂಟು ಎರಡು ದಿನ ಕೈಬಿಡದೆ, ಡಿಪೋದ ಹಾಜರಿ ಪುಸ್ತಕ ಅಂಗೈಗೆ ಅಂಟಿಕೊಂಡು ಮ್ಯಾನೇಜರ ಕೋಣೆಯವರೆಗೂ ಜೊತೆಗೇ ಬಂತು. ಉಳಿದದ್ದು ಮೊಬೈಲಿನ ವಿಡಿಯೋದಲ್ಲಿ ಕಂಡ ಒಂದೇ ದಾರಿ. ಗೋಧಿ ಹಿಟ್ಟು ಕಲಸಿ, ನೀರಲ್ಲಿ ತೊಳೆದು ತೊಳೆದು, ಉಳಿದ ಅಂಟನ್ನು ಬೇಯಿಸಿದರೆ ಥೇಟು ಮಟನ್ನಂತೆ!

"ತುಂಬಾ ಸುಲಭ!" ಎಂದು ವಿಡಿಯೋದವನು ನಕ್ಕ.

"ನಗ್ತೀಯಾ? ನಗು ಮಗನೇ," ಎಂದು ಸೀಟಿರಾಯ ತೋಳೇರಿಸಿದ.

ಒಂದು ಕಿಲೋ ಹಿಟ್ಟು ಕಲಸಿದ. ಅರ್ಧ ಗಂಟೆ ನೆನೆಸಿದ. ಆಮೇಲೆ ನಲ್ಲಿಯ ಕೆಳಗಿಟ್ಟು, ಡಿಪೋದಲ್ಲಿ ತನ್ನನ್ನು ಸತಾಯಿಸಿದವರನ್ನೆಲ್ಲ ನೆನೆಸಿಕೊಂಡು ಒಬ್ಬೊಬ್ಬರ ಹೆಸರಲ್ಲೂ ಹಿಂಡಿದ. ಹಾಲಿನಂಥ ನೀರು ಹರಿಯಿತು. ಮುಕ್ಕಾಲು ಗಂಟೆಯಾದ ಮೇಲೆ ಕೈಯಲ್ಲಿ ಉಳಿದದ್ದು ಟೈರಿನ ಟ್ಯೂಬಿನಂತೆ ಎಳೆದಷ್ಟೂ ಹಿಗ್ಗುವ ಒಂದು ಬಿಳಿ ಮುದ್ದೆ. ಅದನ್ನು ಸುತ್ತಿ ಬೇಯಿಸಲು ಬಟ್ಟೆ ಬೇಕೆಂದು ಎದುರು ಮನೆಯ ಟೈಲರಮ್ಮನ ಬಾಗಿಲು ಬಡಿದದ್ದೇ ತಪ್ಪಾಯಿತು. ಬಟ್ಟೆಯ ಹಿಂದೆಯೇ ಟೈಲರಮ್ಮನೂ ಬಂದಳು.

"ಅಯ್ಯೋ ಅಣ್ಣಾ, ಇದೇನು, ಕಾಯಿಲೆ ಬಿದ್ದವರ ಮುಖದ ಹಾಗೆ ಬೆಳ್ಳಗಿದೆ! ಮಾಂಸ ಅಂದ್ಮೇಲೆ ಕೆಂಪು ಬೇಡ್ವಾ? ತಡೀರಿ."

"ಬೇಡಮ್ಮ, ವಿಡಿಯೋದಲ್ಲಿ—"

"ವಿಡಿಯೋದವನು ನಿಮ್ಮನೆಗೆ ಬಂದು ತಿಂತಾನಾ?"

ಅವಳು ಮೂರು ಬೀಟ್ರೂಟ್ ತಂದು ತುರಿದಳು, ಅವನ ಕೈಗೇ ಕೊಟ್ಟು ಹಿಂಡಿಸಿದಳು. ರಸ ಮುದ್ದೆಗೆ ಹಿಡಿದದ್ದು ಸ್ವಲ್ಪ; ಸೀಟಿರಾಯನ ಮೊಣಕೈ, ಬನಿಯನ್ನು, ಗೋಡೆ, ನೆಲಕ್ಕೆ ಹಿಡಿದದ್ದೇ ಹೆಚ್ಚು. ಕೆಲಸ ಕೆಡಿಸಿದ ತೃಪ್ತಿಯಲ್ಲಿ ಅವಳು ಹೊಲಿಗೆ ಮಿಷನ್ನಿಗೆ ವಾಪಸಾದಳು. ಅವನು ಹಲ್ಲು ಕಚ್ಚಿಕೊಂಡು ಮುದ್ದೆಯನ್ನು ಬಟ್ಟೆಯಲ್ಲಿ ಕಟ್ಟಿ ಒಂದು ಗಂಟೆ ಬೇಯಿಸಿ, ಕುದಿನೀರನ್ನು ಸಿಂಕಿಗೆ ಸುರಿದ.

ಅಲ್ಲಿಗೆ ಕೊಳವೆ ಕಟ್ಟಿತು. ಬೆಳಗ್ಗೆ ಇಳಿದಿದ್ದ ಹಿಟ್ಟಿನ ನೀರೆಲ್ಲ ಕುದಿನೀರು ತಗುಲಿ ಪೋಸ್ಟರ್ ಅಂಟಿಸುವ ಗೋಂದಾಯಿತು. ಸೀಟಿರಾಯ ಚೂರಿ ಹಿಡಿದು ಬೆಂದ ಮುದ್ದೆಯನ್ನು ತುಂಡು ಮಾಡುತ್ತಿದ್ದಾಗ, ಕೆಳಗಿನ ಮನೆಯ ನಿವೃತ್ತ ಲೆಕ್ಕದ ಮೇಷ್ಟ್ರು ಒದ್ದೆ ಪಂಚೆ ಎತ್ತಿಕೊಂಡು ಮೆಟ್ಟಿಲು ಹತ್ತಿ ಬಂದರು.

"ಏನ್ರೀ ಇದು? ನನ್ನ ಬಚ್ಚಲಲ್ಲಿ ಕೆಂಪು ಗಂಜಿ ಉಕ್ತಾ ಇದೆ..."

ಆಗ ಒಳಗಿನದೆಲ್ಲ ಅವರ ಕಣ್ಣಿಗೆ ಬಿತ್ತು. ಕೆಂಪು ಕೈ, ಕೆಂಪು ಬನಿಯನ್ನು, ಕೆಂಪು ಗೋಡೆ, ಚೂರಿ. ಮೇಷ್ಟ್ರು ಎರಡು ಹೆಜ್ಜೆ ಹಿಂದೆ ಸರಿದರು.

"ಹೆಂಡತಿ ಎಲ್ರೀ?"

"ಡ್ಯೂಟಿಗೆ ಹೋಗಿದ್ದಾಳೆ ಮೇಷ್ಟ್ರೇ! ಇದು ಹಿಟ್ಟು! ಗೋಧಿ ಹಿಟ್ಟು!"

"ಅರವತ್ತೇಳು ವರ್ಷದಲ್ಲಿ ನಾನು ಗೋಧಿಯಿಂದ ರಕ್ತ ಬಂದದ್ದು ನೋಡಿಲ್ಲ," ಎಂದು ಮೇಷ್ಟ್ರು ದಡದಡನೆ ಇಳಿದರು. ನೇರ ಹೋದದ್ದು ಓಣಿ ಮೂಲೆಯ ಮಾಂಸದಂಗಡಿಗೆ. ಹೆಂಡತಿ ಡ್ಯೂಟಿಯಲ್ಲಿದ್ದರೆ ಈ ರಕ್ತ ಕುರಿಯದೇ ಇರಬೇಕೆಂದು ಲೆಕ್ಕ ಹಾಕಿ, ಸೀಟಿರಾಯ ಮನೆಯಲ್ಲೇ ಕುರಿ ಕೊಯ್ಯುತ್ತಿದ್ದಾನೆಂದು ವರದಿ ಒಪ್ಪಿಸಿದರು.

ಮಾಂಸದಂಗಡಿಯವನಿಗೆ ಐದು ವಾರದಿಂದ ಇದ್ದ ಅನುಮಾನ ಆ ಕ್ಷಣ ಬೆಂಕಿ ಹಿಡಿಯಿತು. ಇಪ್ಪತ್ತು ವರ್ಷದ ಗಿರಾಕಿ, ಹೇಳದೆ ಕೇಳದೆ ಬರುವುದು ನಿಲ್ಲಿಸಿದ್ದು ಇದಕ್ಕಾ! ಅವನು ಕತ್ತಿಯನ್ನು ಮರದ ದಿಮ್ಮಿಗೆ ಕಚ್ಚಿಸಿ, ಮೇಷ್ಟ್ರ ಜೊತೆ ಮೆಟ್ಟಿಲು ಹತ್ತಿದ. ಅಷ್ಟರಲ್ಲಿ ಬಾಣಲೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಮಸಾಲೆಯ ನಡುವೆ ತುಂಡುಗಳು ಹುರಿದು ಕಂದುಬಣ್ಣಕ್ಕೆ ತಿರುಗಿದ್ದವು. ಇಡೀ ಮನೆ ಘಮಘಮ.

"ಯಾರ ಅಂಗಡಿಯದಣ್ಣ ಇದು?" ಮಾಂಸದಂಗಡಿಯವನು ಬಾಣಲೆಯೊಳಗೆ ಬಗ್ಗಿ ನೋಡಿದ. "ನನ್ನ ತಕ್ಕಡಿ ಯಾವತ್ತಾದ್ರೂ ಮೋಸ ಮಾಡಿತ್ತಾ?"

"ಲೋ ಮಾರಾಯ, ಇದು ಮಾಂಸವೇ ಅಲ್ಲ ಕಣೋ!"

ಅಂಗಡಿಯವನು ಒಂದು ತುಂಡು ಎತ್ತಿ ಬಾಯಿಗೆ ಹಾಕಿಕೊಂಡ. ಅಗಿದ. ಬಹಳ ಹೊತ್ತು ಅಗಿದ. ಕಿವಿಗಳು ಮೇಲೆ ಕೆಳಗೆ ಆಡಿದವು.

"ಮುದಿ ಟಗರು," ಎಂದು ಕೊನೆಗೆ ತೀರ್ಪಿತ್ತ. "ಮುಂಗಾಲಿನ ಭಾಗ. ಇಂಥ ಮುದಿ ಮಾಲು ನಿನ್ನ ತಲೆಗೆ ಕಟ್ಟಿದವನ ಹೆಸರು ಹೇಳು, ಈಗಲೇ ಹೋಗಿ ವಿಚಾರಿಸ್ತೀನಿ!"

ಆಗ ಬಾಗಿಲಲ್ಲಿ ಚಪ್ಪಲಿ ಬಿಟ್ಟ ಸದ್ದಾಯಿತು. ಹೆಂಡತಿ ನಿಂತಿದ್ದಳು. ಅಡಿಗೆಮನೆಯ ಘಮಲು, ಕೆಂಪು ಕೈ, ಒಲೆಯ ಪಕ್ಕ ಸಾಕ್ಷಾತ್ ಮಾಂಸದಂಗಡಿಯವನು.

"ಐದೇ ವಾರ," ಎಂದಳು. ಧ್ವನಿ ತಣ್ಣಗಿತ್ತು. "ಐದು ವಾರ ನಾಲಿಗೆ ಕಟ್ಟಿಕೊಳ್ಳೋಕೆ ಆಗಲಿಲ್ಲ ನಿಮಗೆ. ನಾನು ಹೊರಟೆ."

"ಇದು ಹಿಟ್ಟು ಕಣೇ!" ಸೀಟಿರಾಯನ ಮೂಗು ಸೀಟಿ ಹೊಡೆಯಿತು. "ಬೆಳಗ್ಗಿನಿಂದ ತೋಳು ಬಿದ್ದುಹೋಗೋ ಹಾಗೆ ತೊಳೆದಿದ್ದೀನಿ! ಹೇಳಿ ಮೇಷ್ಟ್ರೇ!"

"ನಾನು ನೋಡಿದ್ದು ರಕ್ತ," ಎಂದರು ಮೇಷ್ಟ್ರು.

"ಟಗರು ಅಕ್ಕ," ಎಂದ ಮಾಂಸದಂಗಡಿಯವನು. "ಸುಳ್ಳು ಹೇಳಿ ನನಗೇನಾಗಬೇಕು? ನಲವತ್ತು ವರ್ಷದ ಕಸುಬು."

ಸೀಟಿರಾಯನಿಗೆ ತಲೆಯ ನರಗಳೆಲ್ಲ ಹುರಿಗೊಂಡವು. ಬಾಣಲೆಯನ್ನೇ ಎತ್ತಿ ಹೆಂಡತಿಯ ಮುಂದೆ ಹಿಡಿದ. "ತಿನ್ನು! ನೀನೇ ತಿಂದು ಹೇಳು! ಮಾಂಸ ಅಂದ್ರೆ ನಾನೇ ನಿನ್ನನ್ನ ಬಸ್ ಹತ್ತಿಸ್ತೀನಿ!"

ಅವಳು ಒಂದು ತುಂಡು ಬಾಯಿಗಿಟ್ಟಳು. ಮೂವರೂ ಅವಳ ದವಡೆಯನ್ನೇ ನೋಡುತ್ತ ನಿಂತರು.

"ಇದು ಮಟನ್ ಅಲ್ಲ," ಎಂದಳು.

"ಕೇಳಿದ್ರಾ!" ಸೀಟಿರಾಯ ಗೆದ್ದ ಸಂಭ್ರಮದಲ್ಲಿ ಎರಡು ದಪ್ಪ ತುಂಡು ಒಟ್ಟಿಗೇ ಬಾಯಿಗೆ ತುರುಕಿಕೊಂಡ.

ಮಾಂಸದಂಗಡಿಯವನಿಗೆ ಅವಮಾನವಾಯಿತು. "ಅದು ಹೇಗೆ ಅಷ್ಟು ಖಂಡಿತವಾಗಿ ಹೇಳ್ತೀರಕ್ಕ?"

"ಹೇಳೋದಕ್ಕೇನು? ಇವತ್ತು ಮಧ್ಯಾಹ್ನ ಕ್ಯಾಂಟೀನಲ್ಲಿ ತಿಂದ ಮಟನ್ ಬೆಣ್ಣೆ ಹಾಗೆ ಕರಗ್ತಾ—"

ಅವಳು ನಾಲಿಗೆ ಕಚ್ಚಿಕೊಂಡಳು.

"ವಾರಕ್ಕೆ ಆರು ಡ್ಯೂಟಿ," ಮೇಷ್ಟ್ರು ಗೊಣಗಿದರು, "ಐದು ವಾರಕ್ಕೆ ಮೂವತ್ತು ಊಟ."

ಜೀವಮಾನದಲ್ಲಿ ಮೊದಲ ಬಾರಿಗೆ ಸೀಟಿರಾಯನ ಸಿಟ್ಟಿಗೆ ನೂರಕ್ಕೆ ನೂರು ನ್ಯಾಯವಾದ ಕಾರಣ ಸಿಕ್ಕಿತ್ತು. ಕಣ್ಣು ಕೆಂಪಾಯಿತು, ಕತ್ತಿನ ನರ ಉಬ್ಬಿತು. ಆದರೆ ಬಾಯಿ ತೆರೆಯಲಿಲ್ಲ. ಹಿಟ್ಟಿನ ಮಟನ್ ಮೇಲಿನ ದವಡೆಯನ್ನೂ ಕೆಳಗಿನ ದವಡೆಯನ್ನೂ ಬೆಸುಗೆ ಹಾಕಿತ್ತು. "ಮ್ಮ್! ಮ್ಮ್ಮ್!" ಎಂದು ಕುಣಿದನಷ್ಟೆ.

ಅವನು ಅದನ್ನು ನುಂಗುವಷ್ಟರಲ್ಲಿ ಹೆಂಡತಿ ಸಾವರಿಸಿಕೊಂಡಿದ್ದಳು.

"ಯಾಕೆ ಹಾಗೆ ನೋಡ್ತೀರಿ? ಕೆಟ್ಟಿರೋದು ನಿಮ್ಮ ರಕ್ತ, ನನ್ನದಲ್ಲ. ಎಂಟು ಗಂಟೆ ನಿಂತ ಕಾಲಲ್ಲಿ ದುಡೀತೀನಿ. ನಿಮ್ಮ ಮನಸ್ಸು ನೋಯಬಾರದು ಅಂತ ತಾನೇ ಕದ್ದು ತಿಂದಿದ್ದು? ಈಗ ನಿಮಗೆ ಬೇಕಾದ್ದನ್ನ ನೀವೇ ಮಾಡ್ಕೊಳ್ಳೋದು ಕಲಿತ್ರಲ್ಲ. ಇನ್ನು ನಾನು ಕದಿಯೋದು ಯಾಕೆ?" ಎಂದು ಮಾಂಸದಂಗಡಿಯವನ ಕಡೆ ತಿರುಗಿದಳು. "ನಾಳೆಯಿಂದ ಅರ್ಧ ಕಿಲೋ ಕಳಿಸಿ. ಎಳೇದಿರಲಿ."

"ಆಗ್ಲಿ ಅಕ್ಕ!" ಎಂದು ಅವನು ಐದು ವಾರದ ದುಃಖವನ್ನೆಲ್ಲ ಮರೆತು ಮೆಟ್ಟಿಲಿಳಿದ.

ಮರುದಿನ ಸಂಜೆ ಆ ಮನೆಯ ಎರಡೂ ಒಲೆ ಉರಿದವು. ಊಟಕ್ಕೆ ಕೂತಾಗ ಅವಳ ತಟ್ಟೆಯಿಂದ ಎದ್ದ ಹಬೆ ನೇರವಾಗಿ ಸೀಟಿರಾಯನ ಮೂಗಿಗೇ ಬಂತು. ಅವನು ಹಲ್ಲು ಕಡಿಯುತ್ತ ತನ್ನ ತಟ್ಟೆಯಲ್ಲಿದ್ದುದನ್ನು ಅಗಿದ. ಹಲ್ಲು ಕಡಿಯದೆ ಅದನ್ನು ಅಗಿಯುವ ಉಪಾಯವೂ ಇರಲಿಲ್ಲ.